ಸಂಗೀತ ಸಂವಾದ: ಚಾಪೆಲ್ ರೋನ್ ಅವರ ಪ್ರೇಮಗೀತೆಗಳು

ಪ್ರಶ್ನೆ: ಕಾಲೇಜಿಗೆ ಹೋಗುವ ನನ್ನ ಮಗಳು ಹಗಲಿರುಳು ಚಾಪೆಲ್ ರೋನ್ ಎಂಬ ಅಮೆರಿಕದ ಗಾಯಕಿಯ ಹಾಡುಗಳನ್ನೇ ಕೇಳುತ್ತಿರುತ್ತಾಳೆ. ಆಕೆ ಹೆಣ್ಣನ್ನು ಪ್ರೀತಿಸುವ ಹೆಣ್ಣೆಂದು ಮಗಳೇ ಹೇಳಿದಳು. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಬಿಳಿ ಬಳಿದ ಮುಖ, ಕೆಂಪು ಗುಂಗುರು ಕೂದಲು, ಕಿರೀಟ ಎಲ್ಲವನ್ನೂ ನೋಡಿದಾಗ ವೇಷವೇ ಕಾಣುತ್ತದೆ, ಸಂಗೀತ ಕಿವಿಗೆ ಬೀಳುವುದಿಲ್ಲ. ಇವರು ಇದ್ದಕ್ಕಿದ್ದಂತೆ ಎಲ್ಲಿಂದ ಬಂದರು?
ಓದುಗರು, ಧಾರವಾಡ

ಉತ್ತರ: ಜಗತ್ತಿನ ಗಮನ ಅವರ ಮೇಲೆ ಬಿದ್ದದ್ದು 2024ರಲ್ಲಾದರೂ ಅದರ ಹಿಂದೆ ಸುಮಾರು ಹತ್ತು ವರ್ಷಗಳ ದುಡಿಮೆಯಿದೆ. ಕೇಲಿ ರೋಸ್ ಆಮ್‌ಸ್ಟಟ್ಜ್ ಎಂಬ ಹೆಸರಿನ ಈ ಹುಡುಗಿ 1998ರಲ್ಲಿ ಮಿಸೌರಿ ರಾಜ್ಯದಲ್ಲಿ ಹುಟ್ಟಿ, ಅಲ್ಲಿನ ವಿಲ್ಲರ್ಡ್ ಎಂಬ ಸಣ್ಣ ಊರಿನ ಸಂಪ್ರದಾಯಸ್ಥ ಕ್ರೈಸ್ತ ವಾತಾವರಣದಲ್ಲಿ ಬೆಳೆದರು. ಕ್ಯಾನ್ಸರಿಗೆ ಬಲಿಯಾದ ಅಜ್ಜನ ಮನೆತನದ ಹೆಸರನ್ನೂ, ಆ ಅಜ್ಜನಿಗೆ ಪ್ರಿಯವಾಗಿದ್ದ ಹಳೆಯ ಕೌಬಾಯ್ ಹಾಡೊಂದರ ಕುದುರೆಯ ಬಣ್ಣವನ್ನೂ ಸೇರಿಸಿ ವೇದಿಕೆಯ ಹೆಸರನ್ನು ಕಟ್ಟಿಕೊಂಡರು. ಹದಿನೇಳರ ವಯಸ್ಸಿನಲ್ಲೇ ಅಟ್ಲಾಂಟಿಕ್ ರೆಕಾರ್ಡ್ಸ್ ಸಂಸ್ಥೆ ಅವರೊಡನೆ ಒಪ್ಪಂದ ಮಾಡಿಕೊಂಡಿತು. 2020ರ ಏಪ್ರಿಲ್‌ನಲ್ಲಿ ‘ಪಿಂಕ್ ಪೋನಿ ಕ್ಲಬ್’ ಬಿಡುಗಡೆಯಾದಾಗ ಕೊರೋನಾದಿಂದಾಗಿ ಕ್ಲಬ್ಬುಗಳೆಲ್ಲ ಬಾಗಿಲು ಹಾಕಿದ್ದವು. ಹಾಡು ನಿರೀಕ್ಷಿಸಿದಷ್ಟು ಓಡಲಿಲ್ಲ. ಅದೇ ವರ್ಷ ಸಂಸ್ಥೆ ಅವರನ್ನು ಕೈಬಿಟ್ಟಿತು. ಅವರು ತವರಿಗೆ ಮರಳಿ, ವಾಹನದಲ್ಲಿ ಕುಳಿತೇ ತಿಂಡಿ ಕೊಳ್ಳುವಂಥ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದರು.

ಆ ಹಾಡಿನ ಕಥೆಯನ್ನು ತಂದೆಯಾದ ನೀವು ಗಮನಿಸಬೇಕೆಂಬುದು ನನ್ನ ಆಸೆ. ಟೆನೆಸಿಯ ಹುಡುಗಿಯೊಬ್ಬಳು ಊರು ಬಿಟ್ಟು ಲಾಸ್ ಏಂಜಲೀಸ್ ಕಡೆಗೆ ಹೋಗಿ, ತಾನಾಗಿಯೇ ಇರಲು ಬಿಡುವ ನೃತ್ಯಶಾಲೆಯೊಂದನ್ನು ಕಂಡುಕೊಳ್ಳುತ್ತಾಳೆ. ದೂರದಲ್ಲಿ ತಾಯಿ ಇದನ್ನು ತಿಳಿದು ಚೀರುತ್ತಾಳೆ. ವೆಸ್ಟ್ ಹಾಲಿವುಡ್‌ನ ‘ದಿ ಅಬ್ಬಿ’ ಎಂಬ ಗೇ ಬಾರ್‌ಗೆ ಮೊದಲ ಸಲ ಕಾಲಿಟ್ಟಾಗ ಚಾಪೆಲ್ ರೋನ್ ಅವರಿಗಾದ ಬಿಡುಗಡೆಯ ಅನುಭವ ಇದಕ್ಕೆ ಪ್ರೇರಣೆ. ಆದರೆ ಹಾಡು ತಾಯಿಯನ್ನು ಗೇಲಿ ಮಾಡುವುದಿಲ್ಲ; ಮಗಳು ತಾಯಿಯನ್ನು ಪ್ರೀತಿಸುತ್ತಲೇ ಕುಣಿಯುತ್ತಾಳೆ. ಬಿಡುಗಡೆಯಾದ ಐದು ವರ್ಷಗಳ ಬಳಿಕ, 2025ರಲ್ಲಿ, ಇದೇ ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ನಡುವಿನ ವರ್ಷಗಳಲ್ಲಿ ಸಂಸ್ಥೆಯ ಬೆಂಬಲವಿಲ್ಲದೆಯೇ ಹಾಡುಗಳನ್ನು ಹೊರತಂದ ಅವರು, ನಿರ್ಮಾಪಕ ಡ್ಯಾನ್ ನೈಗ್ರೋ ಅವರ ಜೊತೆಗೂಡಿ 2023ರ ಸೆಪ್ಟೆಂಬರ್‌ನಲ್ಲಿ ಮೊದಲ ಆಲ್ಬಂ ‘ದಿ ರೈಸ್ ಅಂಡ್ ಫಾಲ್ ಆಫ್ ಎ ಮಿಡ್‌ವೆಸ್ಟ್ ಪ್ರಿನ್ಸೆಸ್’ ಅನ್ನು ಪ್ರಕಟಿಸಿದರು. ಮರುವರ್ಷ ಅಮೆರಿಕದ ಜನಪ್ರಿಯ ಗಾಯಕಿ ಒಲಿವಿಯಾ ರೊಡ್ರಿಗೊ ಅವರ ಕಛೇರಿಗಳಿಗೆ ಮುಂಚೆ ಹಾಡುವ ಅವಕಾಶ ಸಿಕ್ಕಿದ ಮೇಲೆ ಕೇಳುಗರ ಸಂಖ್ಯೆ ಏರುತ್ತಲೇ ಹೋಯಿತು. 2025ರ ಫೆಬ್ರುವರಿಯಲ್ಲಿ ಅತ್ಯುತ್ತಮ ಹೊಸ ಕಲಾವಿದರಿಗಿರುವ ಗ್ರ್ಯಾಮಿ ಪಡೆದಾಗ ಅವರು ಟಿಪ್ಪಣಿ ಪುಸ್ತಕವೊಂದನ್ನು ಹಿಡಿದು ವೇದಿಕೆಗೆ ಬಂದರು. ಕಲಾವಿದರಿಂದ ಕೋಟಿಗಟ್ಟಲೆ ಗಳಿಸುವ ಸಂಸ್ಥೆಗಳು, ವಿಶೇಷವಾಗಿ ಈಗಷ್ಟೇ ಬೆಳೆಯುತ್ತಿರುವವರಿಗೆ, ಬದುಕಲು ಸಾಲುವ ಸಂಬಳವನ್ನೂ ಆರೋಗ್ಯ ವಿಮೆಯನ್ನೂ ಕೊಡಬೇಕೆಂದು ಅದರಲ್ಲಿ ಬರೆದದ್ದನ್ನು ಓದಿದರು. ಗೆಲುವಿನ ರಾತ್ರಿಯಲ್ಲಿ ತನ್ನ ಹಿಂದೆ ಬರುತ್ತಿರುವವರ ಹೊಟ್ಟೆಪಾಡನ್ನು ನೆನೆದ ಈ ಮಾತು ನನಗೆ ಅವರ ಹಾಡುಗಳಷ್ಟೇ ಮುಖ್ಯವೆನಿಸುತ್ತದೆ.

ಇನ್ನು ವೇಷ. ಅದು ಡ್ರ್ಯಾಗ್ ಕಲೆಯಿಂದ, ಅಂದರೆ ಗಂಡು ಹೆಣ್ಣಿನ ರೂಪಗಳನ್ನು ಅತಿರಂಜಿತ ವೇಷದಲ್ಲಿ ಆಡಿತೋರಿಸುವ ರಂಗಕಲೆಯಿಂದ ಬಂದದ್ದು. ಯಕ್ಷಗಾನದ ಸ್ತ್ರೀವೇಷವನ್ನು ತದೇಕಚಿತ್ತರಾಗಿ ನೋಡುವ ನಾವು, ಮುಖವರ್ಣಿಕೆಯ ಮೂಲಕವೂ ಒಬ್ಬ ಕಲಾವಿದ ಸತ್ಯ ಹೇಳಬಲ್ಲನೆಂಬುದನ್ನು ಬೇರೆಯವರಿಂದ ಕಲಿಯಬೇಕಾಗಿಲ್ಲ. ತಮ್ಮ ಪ್ರವಾಸದ ಊರುಗಳಲ್ಲಿ ಅಲ್ಲಲ್ಲಿಯ ಡ್ರ್ಯಾಗ್ ಕಲಾವಿದರನ್ನೇ ಕಛೇರಿಯ ಆರಂಭಕ್ಕೆ ಕರೆದು, ತಮಗೆ ದಾರಿ ತೋರಿದ ಕಲೆಯ ಋಣವನ್ನು ಅವರು ತೀರಿಸುತ್ತ ಬಂದಿದ್ದಾರೆ. ಮಗಳ ಬಳಿ ಕುಳಿತು ಒಮ್ಮೆ ಕಣ್ಣು ಮುಚ್ಚಿ ಕೇಳಿ: ಎದೆಯಿಂದ ಹೊರಡುವ ಗಟ್ಟಿದನಿ ಒಮ್ಮೆಲೇ ಮುರಿದು ತಲೆದನಿಗೆ ಹಾರುವ ಆ ಕ್ಷಣಗಳಲ್ಲಿ ಗಾಯಕಿಯ ಸಾಧನೆ ತಾನಾಗಿ ಗೊತ್ತಾಗುತ್ತದೆ.

ಪ್ರಶ್ನೆ: ಪ್ರೇಮ ಯಾರದಾದರೂ ಪ್ರೇಮವೇ ತಾನೆ? ಹಾಡಿಗೆ ‘ಕ್ವಿಯರ್’ (ಗಂಡು ಹೆಣ್ಣಿನ ಪ್ರೇಮದ ಚೌಕಟ್ಟಿಗೆ ಹೊರತಾದದ್ದು) ಎಂಬ ಹಣೆಪಟ್ಟಿ ಕಟ್ಟುವುದರಿಂದ ಅದನ್ನು ನಾವೇ ಬೇರೆಯಿಟ್ಟಂತಾಗುವುದಿಲ್ಲವೇ?
ಓದುಗರು, ಮೈಸೂರು

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಔದಾರ್ಯವಿದೆ, ಆದರೆ ಆ ಔದಾರ್ಯ ಈ ಕಲಾವಿದರಿಗೆ ಬಹುಕಾಲ ದಕ್ಕಿರಲಿಲ್ಲ. ಅಮೆರಿಕದ ರಾಕ್ ಗಾಯಕಿ ಮೆಲಿಸ್ಸಾ ಎಥರಿಜ್ 1993ರ ಜನವರಿಯಲ್ಲಿ ತಾವು ಸಲಿಂಗಪ್ರೇಮಿಯೆಂದು ಬಹಿರಂಗವಾಗಿ ಹೇಳುವವರೆಗೆ ಅವರ ಹಾಡುಗಳ ಪ್ರಿಯೆ ಯಾರಿಗೂ ಅನ್ವಯಿಸಬಹುದಾದ ‘ನೀನು’ ಆಗಿಯೇ ಉಳಿದಿದ್ದಳು. 2014ರಲ್ಲಿ ಬ್ರಿಟನ್ನಿನ ಕಲಾವಿದ ಸ್ಯಾಮ್ ಸ್ಮಿತ್ ಕೂಡ, ಗಂಡಸೊಬ್ಬನ ಮೇಲಿನ ಈಡೇರದ ಪ್ರೀತಿಯಿಂದ ಹುಟ್ಟಿದ ತಮ್ಮ ಮೊದಲ ಆಲ್ಬಂನಲ್ಲಿ ಆ ಪ್ರಿಯನ ಲಿಂಗವನ್ನು ಬೇಕೆಂದೇ ಹೇಳಿರಲಿಲ್ಲ. ಎಲ್ಲರಿಗೂ ಸಲ್ಲಬೇಕಾದರೆ ತನ್ನದನ್ನು ಅಳಿಸಬೇಕೆಂಬ ಷರತ್ತು ಗಂಡು ಹೆಣ್ಣಿನ ಪ್ರೇಮಗೀತೆಗೆ ಎಂದೂ ಇರಲಿಲ್ಲವಲ್ಲ.

ಚಾಪೆಲ್ ರೋನ್ ಈ ಷರತ್ತನ್ನು ಒಪ್ಪಲಿಲ್ಲ. 2024ರ ಏಪ್ರಿಲ್‌ನಲ್ಲಿ ಬಂದ ‘ಗುಡ್ ಲಕ್, ಬೇಬ್!’ ಹಾಡನ್ನು ನೋಡಿ. ತನ್ನನ್ನು ಪ್ರೀತಿಸಿಯೂ ಅದನ್ನು ಒಪ್ಪಿಕೊಳ್ಳದೆ ಓಡಿಹೋಗುವ ಹೆಣ್ಣಿಗೆ ನಾಯಕಿ ಹೇಳುವ ಮಾತು ಅದು. ಎಂಬತ್ತರ ದಶಕವನ್ನು ನೆನಪಿಸುವ ಸಿಂಥಸೈಜರ್‌ಗಳ ಮೇಲೆ ಪಲ್ಲವಿ ತಾರಕ್ಕೇರುತ್ತದೆ. ಕೊನೆಯ ಭಾಗಕ್ಕೆ ಮುನ್ನ ದನಿಯಲ್ಲಿ ಸಿಟ್ಟು ಒಡೆಯುತ್ತದೆ: ಮುಂದೊಂದು ನಡುರಾತ್ರಿ, ಯಾರದೋ ಹೆಂಡತಿಯಾಗಿ ಮಾತ್ರ ಉಳಿದ ಅವಳು ಎಚ್ಚರಗೊಳ್ಳುವ ಚಿತ್ರ ಅಲ್ಲಿ ಬರುತ್ತದೆ. ಹಾಡು ಮುಗಿಯುವಾಗ ಲಯವೇ ಕುಗ್ಗಿ ನಿಧಾನವಾಗಿ ನಿಲ್ಲುತ್ತದೆ. ಈ ನೋವಿಗೆ ಕಾರಣ ಸಮಾಜದ ಭಯ. ಪ್ರಿಯೆ ಹೆಣ್ಣೆಂಬುದನ್ನು ತೆಗೆದುಹಾಕಿದರೆ ಹಾಡಿನ ಕಾರಣವೇ ಹೋಗುತ್ತದೆ.

2025ರ ಜುಲೈ ಕೊನೆಯಲ್ಲಿ ಬಿಡುಗಡೆಯಾದ ‘ದಿ ಸಬ್‌ವೇ’ ನನಗೆ ಇನ್ನೂ ಹತ್ತಿರದ್ದು. ಅದರಲ್ಲಿ ಸಮಾಜ ಇಲ್ಲ, ತಾಯಿ ಇಲ್ಲ, ಅಡಗಿಸಿಡುವ ಪ್ರಶ್ನೆಯೂ ಇಲ್ಲ. ನ್ಯೂಯಾರ್ಕ್‌ನ ಸುರಂಗ ರೈಲಿನಲ್ಲಿ ಹಳೆಯ ಪ್ರಿಯೆಯ ಹಸಿರು ಕೂದಲು, ತುಟಿಯ ಪಕ್ಕದ ಮಚ್ಚೆ ಕಣ್ಣಿಗೆ ಬಿದ್ದು ಎದೆ ಕುಸಿಯುತ್ತದೆ. ವಾರಗಳಾದ ಮೇಲೆ ಬೇರೆ ಯಾರೋ ಅದೇ ಸುಗಂಧ ಹಚ್ಚಿಕೊಂಡು ಹಾದುಹೋಗುತ್ತಾರೆ. ನಾಲ್ಕು ತಿಂಗಳಲ್ಲಿ ಈ ಸಂಕಟ ಇಳಿಯದಿದ್ದರೆ ನಗರವನ್ನೇ ಬಿಟ್ಟು ಕೆನಡಾದ ಸಸ್ಕಾಚೆವನ್‌ಗೆ ಹೋಗುವೆನೆಂದು ನಾಯಕಿ ಹಟ ಹಿಡಿಯುತ್ತಾಳೆ. ಇಷ್ಟು ಸಾಮಾನ್ಯವಾದ ವಿರಹವನ್ನು ಹಾಡುವ ಸ್ವಾತಂತ್ರ್ಯ ಸಿಕ್ಕಿರುವುದು ದೊಡ್ಡ ವಿಷಯ. ಅದೇ ವರ್ಷದ ಮಾರ್ಚ್‌ನಲ್ಲಿ ಬಂದ ‘ದಿ ಗಿವರ್’ ಅಮೆರಿಕದ ಕಂಟ್ರಿ ಹಾಡುಗಳ ಪಟ್ಟಿಯ ಮೊದಲ ಸ್ಥಾನದಲ್ಲೇ ಕಾಣಿಸಿಕೊಂಡಿತು. ಹೆಣ್ಣನ್ನು ಒಲಿಸುವ ಹೆಣ್ಣಿನ ಜಂಬವನ್ನು ತಾವು ಬೆಳೆದ ಹಳ್ಳಿಗಾಡಿನ ಸಂಗೀತದಲ್ಲೇ ಅವರು ಹಾಡಿದರು.

ಕನ್ನಡದವರಾದ ನಮಗೆ ಇಲ್ಲೊಂದು ಪರಿಚಿತ ಎಳೆ ಸಿಗುತ್ತದೆ. ಶರಣಸತಿ ಲಿಂಗಪತಿ ಎಂದು ನಂಬಿದ ಗಂಡು ವಚನಕಾರರು ಹೆಣ್ಣಾಗಿ ದೇವರನ್ನು ಒಲಿದರು. ಹಾಡುವವನ ದೇಹವೂ ಹಾಡಿನ ದನಿಯೂ ಒಂದೇ ಆಗಿರಬೇಕೆಂದು ನಾವು ಎಂದೂ ಕೇಳಲಿಲ್ಲ. ವಚನಕಾರರ ಒಲವನ್ನೂ ಈ ಹಾಡುಗಳ ಒಲವನ್ನೂ ಒಂದೆಂದು ಹೇಳುವುದು ತಪ್ಪಾಗುತ್ತದೆ, ಏಕೆಂದರೆ ಚಾಪೆಲ್ ರೋನ್ ಹಾಡುತ್ತಿರುವುದು ಲೌಕಿಕದ, ತಮ್ಮದೇ ಬಾಳಿನ ಒಲವನ್ನು. ಆದರೂ ನಮ್ಮ ಕಿವಿ ಇದಕ್ಕೆ ತೀರ ಹೊಸದೇನಲ್ಲ.

ಪ್ರಶ್ನೆ: ನನಗೆ 23 ವರ್ಷ. ಕನ್ನಡದಲ್ಲಿ ಹಾಡು ಬರೆದು ಗಿಟಾರಿನೊಂದಿಗೆ ಹಾಡುತ್ತೇನೆ. ನಾನು ಗಂಡು, ನನ್ನ ಹಾಡಿನ ಪ್ರಿಯನೂ ಗಂಡು. ಗೆಳೆಯರು ‘ಅವನು’ ಇದ್ದಲ್ಲಿ ‘ಅವಳು’ ಮಾಡು ಎನ್ನುತ್ತಾರೆ. ಮನೆಯವರಿಗೆ ವಿಷಯ ತಿಳಿದಿಲ್ಲ. ಏನು ಮಾಡಲಿ?
ಓದುಗರು, ದಾವಣಗೆರೆ

ಉತ್ತರ: ಹಾಡನ್ನು ಬದಲಾಯಿಸಬೇಡಿ. ಯಾವಾಗ ಬಿಡುಗಡೆ ಮಾಡಬೇಕೆಂಬುದು ಬೇರೆಯೇ ಪ್ರಶ್ನೆ, ಅದನ್ನು ನಿಮ್ಮ ಸುರಕ್ಷತೆಯೇ ನಿರ್ಧರಿಸಲಿ. ಊಟ, ವಸತಿ, ಓದು ಇನ್ನೂ ಮನೆಯನ್ನೇ ಅವಲಂಬಿಸಿದ್ದರೆ ಕಾಯುವುದರಲ್ಲಿ ಹೇಡಿತನವಿಲ್ಲ. ಬೇರೆ ಹೆಸರಿನಲ್ಲಿ ಹೊರತಂದರೂ ಹಾಡು ನಿಮ್ಮದೇ.

ಕಾನೂನಿನ ಭಯ ಬೇಡ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು ವಯಸ್ಕರ ನಡುವಿನ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ತೀರ್ಪಿತ್ತಿದೆ. 2023ರ ಅಕ್ಟೋಬರ್‌ನಲ್ಲಿ ಅದೇ ನ್ಯಾಯಾಲಯ ಮದುವೆಯ ಹಕ್ಕನ್ನು ಮಾನ್ಯ ಮಾಡಲಿಲ್ಲವೆಂಬುದು ನಿಜ ಮತ್ತು ನೋವಿನ ಸಂಗತಿ, ಆದರೆ ಪ್ರೇಮಗೀತೆಗೆ ಅದು ಅಡ್ಡಿಯಲ್ಲ. ಸಂಗಾತಿಗಳು ಬೇಕೆನಿಸಿದರೆ, 2008ರಿಂದ ಪ್ರೈಡ್ (ಲೈಂಗಿಕ ಅಲ್ಪಸಂಖ್ಯಾತರ ಸ್ವಾಭಿಮಾನದ) ಮೆರವಣಿಗೆ ಕಂಡಿರುವ ಬೆಂಗಳೂರು ದಾವಣಗೆರೆಗೆ ದೂರವೇನಲ್ಲ. ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದ ಜಾನಪದ ಕಲಾವಿದೆ ಜೋಗತಿ ಮಂಜಮ್ಮನವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದದ್ದನ್ನೂ, 2021ರ ಪದ್ಮಶ್ರೀ ಪಡೆದದ್ದನ್ನೂ ಈ ನಾಡು ಕಂಡಿದೆ. ಅವರ ಪರಂಪರೆ ಬೇರೆ, ನಿಮ್ಮ ಗಿಟಾರ್ ಬೇರೆ. ಕೇಳುಗರು ಮಾತ್ರ ಇದೇ ನಾಡಿನವರು.

ಹಾಡು ಹೆಸರು ಮಾಡಿದರೆ ಅಪರಿಚಿತರು ನಿಮ್ಮ ಖಾಸಗಿ ಬದುಕಿನ ಮೇಲೂ ಹಕ್ಕು ಸಾಧಿಸಲು ಬರುತ್ತಾರೆ. 2024ರ ಆಗಸ್ಟ್‌ನಲ್ಲಿ ಚಾಪೆಲ್ ರೋನ್ ಇಂಥ ಅಭಿಮಾನಿಗಳಿಗೆ ವಿಡಿಯೋ ಮೂಲಕ ಬಹಿರಂಗವಾಗಿಯೇ ಎಲ್ಲೆ ಹಾಕಿದರು. ಪ್ರಿಯನ ಹೆಸರು, ಊರು, ಚಿತ್ರ ಯಾವುದನ್ನೂ ಹಾಡಿನ ಪ್ರಚಾರಕ್ಕೆ ಬಳಸಬೇಡಿ. ಅವನ ಒಪ್ಪಿಗೆಯನ್ನು ಮೊದಲೇ ಕೇಳಿ.

ಕೊನೆಯದಾಗಿ ಒಪ್ಪಂದದ ವಿಷಯ, ಏಕೆಂದರೆ ಹೊಸಬರು ಸೋಲುವುದು ಬಹುಮಟ್ಟಿಗೆ ಇಲ್ಲೇ. ಸಾಹಿತ್ಯವೂ ರಾಗವೂ ನಿಮ್ಮವಾದ್ದರಿಂದ ಅವುಗಳ ಹಕ್ಕುಸ್ವಾಮ್ಯ ಹುಟ್ಟಿನಿಂದಲೇ ನಿಮ್ಮದು, ಅದಕ್ಕೆ ನೋಂದಣಿ ಕಡ್ಡಾಯವಲ್ಲ. ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ನಂತರ, ಹಾಡಿನ ಬಳಕೆಯಿಂದ ಬರುವ ರಾಯಧನದಲ್ಲಿ ಗೀತರಚನಕಾರರಿಗೂ ಸಂಯೋಜಕರಿಗೂ ಇರುವ ಸಮಪಾಲನ್ನು ಕಂಪನಿಗೆ ಬರೆದುಕೊಡಲು ಕಾಯ್ದೆಯೇ ಬಿಡುವುದಿಲ್ಲ. ಗೀತರಚನಕಾರರ, ಸಂಯೋಜಕರ ರಾಯಧನವನ್ನು ಸಂಗ್ರಹಿಸಿ ಹಂಚುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯರಾಗಿ, ಮತ್ತು ‘ಎಲ್ಲ ಹಕ್ಕುಗಳೂ ಶಾಶ್ವತವಾಗಿ’ ಎಂಬ ಸಾಲಿರುವ ಯಾವ ಕಾಗದಕ್ಕೂ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ.