ವುಲ್ಫೆನ್‌ಸ್ಟೈನ್‌ನಲ್ಲಿ ಹೆಣಗಳು ಎದ್ದ ಮೇಲೂ ಆಡಬೇಕಾ?

ನೀವು ಕೇಳಿರುವುದು ಎರಡು ಪ್ರಶ್ನೆ. ‘ರಿಟರ್ನ್ ಟು ಕ್ಯಾಸಲ್ ವುಲ್ಫೆನ್‌ಸ್ಟೈನ್’ ಎರಡನೇ ಮಹಾಯುದ್ಧದ ಗೇಮ್ ಅಂದುಕೊಂಡು ಶುರು ಮಾಡಿದಿರಿ, ನೆಲಮಾಳಿಗೆಗೆ ಇಳಿದರೆ ಹೆಣಗಳು ಎದ್ದು ಬರುತ್ತಿವೆ, ಇನ್ನು ಆಡಲಾ ಬಿಡಲಾ ಅನ್ನುವುದು ಒಂದು. ನಾಜಿಗಳಿಗೂ ಈ ಮಾಟಮಂತ್ರಕ್ಕೂ ನಿಜವಾಗಿ ಏನಾದರೂ ಸಂಬಂಧ ಇತ್ತಾ, ಇಲ್ಲಾ ಸುಮ್ನೆ ಕಟ್ಟಿದ ಕಥೆಯಾ ಅನ್ನುವುದು ಇನ್ನೊಂದು.

ಆಡಿ. ನೀವು ಬಿಡಬೇಕು ಅಂತಿರುವ ಜಾಗದಿಂದಲೇ ಈ ಗೇಮ್‌ಗೆ ರುಚಿ ಬರುವುದು.

ಮೊದಲ ಭಾಗ ನೆನಪಿಸಿಕೊಳ್ಳಿ. 1943, ಕೋಟೆಯ ಜೈಲು, ಜೊತೆಗಿದ್ದ ಏಜೆಂಟ್ ಸತ್ತಿದ್ದಾನೆ, ನೀವು ಆಡಿಸುವ ನಾಯಕ ಬ್ಲಾಸ್ಕೊವಿಚ್ ಒಬ್ಬ ಕಾವಲುಗಾರನನ್ನು ಮುಗಿಸಿ ಹೊರಗೆ ಬರುತ್ತಾನೆ. ಆಮೇಲೆ ಕಾರಿಡಾರು, ಮೆಟ್ಟಿಲು, ಕೊನೆಗೆ ಕೇಬಲ್ ಕಾರು. ಬಾಗಿಲ ಈಚೆ ನಿಂತು ಕಿವಿಗೊಟ್ಟರೆ ಆಚೆ ಸೈನಿಕರು ಹರಟೆ ಹೊಡೆಯುವುದು ಕೇಳಿಸುತ್ತದೆ. 2001ರಲ್ಲಿ ಬಂದ ಗೇಮ್‌ಗೆ ಇದು ಸಣ್ಣ ವಿಷಯ ಅಲ್ಲ. ಅಷ್ಟೊತ್ತಿಗೆ ನಿಮ್ಮ ತಲೆಯಲ್ಲಿ ಒಂದು ಲೆಕ್ಕ ಕೂತಿರುತ್ತದೆ: ಶತ್ರು ಅಂದರೆ ಯೂನಿಫಾರ್ಮ್ ಹಾಕಿಕೊಂಡ ಮನುಷ್ಯ, ತಲೆಗೆ ಹೊಡೆದರೆ ಬೀಳುತ್ತಾನೆ.

ಆ ಲೆಕ್ಕ ಕೆಡುವುದು ವುಲ್ಫ್‌ಬುರ್ಗ್ ಹಳ್ಳಿಯ ಕೆಳಗಿನ ಸಮಾಧಿ ಸುರಂಗದಲ್ಲಿ. ಎಲ್ಲೋ ಗುಂಡಿನ ಸದ್ದು ಕೇಳಿಸುತ್ತದೆ, ನಿಮ್ಮನ್ನು ನೋಡಿಬಿಟ್ಟರು ಅಂದುಕೊಂಡು ಕಂಬದ ಹಿಂದೆ ಸರಿಯುತ್ತೀರಿ, ಒಂದು ಗುಂಡೂ ನಿಮ್ಮ ಕಡೆ ಬರುವುದಿಲ್ಲ, ಬಗ್ಗಿ ನೋಡಿದರೆ ನಾಜಿಗಳು ತಾವೇ ಅಗೆದು ಎಬ್ಬಿಸಿದ ಹೆಣಗಳ ಜೊತೆ ಹೊಡೆದಾಡುತ್ತಿದ್ದಾರೆ. ಇಲ್ಲಿ ಅವಸರ ಮಾಡಬೇಡಿ. ಎರಡು ಕಡೆಯವರೂ ಸುಸ್ತಾಗಲಿ, ಉಳಿದವರನ್ನು ನೀವು ನೋಡಿಕೊಳ್ಳಿ, ಗುಂಡು ಉಳಿಯುತ್ತದೆ. ಇಷ್ಟೊತ್ತು ನಿಮ್ಮನ್ನು ಅಟ್ಟಾಡಿಸಿದವರೇ ಈಗ ಹೆದರಿಕೊಂಡು ಓಡಾಡುವುದನ್ನು ನೋಡುವಾಗ ಒಂಥರಾ ಕಸಿವಿಸಿ ಆಗುತ್ತದಲ್ವಾ, ನನ್ನ ಪ್ರಕಾರ ಇಡೀ ಗೇಮ್‌ನಲ್ಲಿ ಹೆಚ್ಚು ಭಯ ಇರುವುದು ಅಲ್ಲೇ. ಬರೀ ದೆವ್ವದ ಗೇಮ್ ಆಗಿದ್ದರೆ ಈ ಕೆಲಸ ಆಗುತ್ತಿರಲಿಲ್ಲ. ಮುಂದೆ ಪಾಳುಬಿದ್ದ ಚರ್ಚ್ ದಾಟಿದ ಮೇಲೆ ಸಮಾಧಿಯಲ್ಲಿ ಓಲರಿಕ್ ಅನ್ನುವ ದೊಡ್ಡ ಪಿಶಾಚಿ ಸಿಗುತ್ತದೆ. ಓಡುತ್ತಲೇ ಇರಿ, ನಿಂತರೆ ಕೆಟ್ಟಿರಿ.

ಅದಾದ ಮೇಲೆ ಗೇಮ್ ಮತ್ತೆ ಯುದ್ಧಕ್ಕೆ ವಾಪಸ್ ಬರುತ್ತದೆ. ಕಾಡಿನ ಶಿಬಿರ, ರಾಕೆಟ್ ನೆಲೆ, ಬಾಂಬ್ ಬಿದ್ದ ಊರು. ಕಾಡಿನಲ್ಲಿ ಯಾರಾದರೂ ಅಲಾರಂ ಒತ್ತಿದರೆ ಅಲ್ಲಿಗೆ ಮುಗಿಯಿತು, ಮೊದಲಿಂದ ಆಡಬೇಕು. ಸದ್ದಿಲ್ಲದ ಸ್ಟೆನ್ ಬಂದೂಕು ಬಳಸಿ, ಆದರೆ ಒಂದೇ ಸಮ ಹೊಡೆದರೆ ಬಿಸಿಯಾಗಿ ನಿಂತುಹೋಗುತ್ತದೆ. ನಾರ್ವೆಯ ಎಕ್ಸ್-ಲ್ಯಾಬ್ಸ್‌ಗೆ ಬಂದಾಗ ಹೆಡ್‌ಫೋನ್ ಹಾಕಿಕೊಳ್ಳಿ. ಅಲ್ಲಿನ ಲೋಪರ್ ಅನ್ನುವ ಜೀವಿಗೆ ಕಾಲಿಲ್ಲ, ಕೈ ಊರಿಕೊಂಡು ಬಂದು ಎದೆ ಮೇಲೆ ಹಾರುತ್ತದೆ. ಇದು ಮಾಟದಿಂದ ಹುಟ್ಟಿದ್ದಲ್ಲ, ಡೆತ್ಸ್‌ಹೆಡ್ ಅನ್ನುವ ಜನರಲ್‌ನ ಪ್ರಯೋಗಶಾಲೆಯದು. ನನಗೆ ಹೆಣಗಳಿಗಿಂತ ಇವನೇ ಜಾಸ್ತಿ ಅಸಹ್ಯ.

ಕೊನೆ ಮಾತ್ರ ಸಪ್ಪೆ. ಅಷ್ಟು ಹೊತ್ತಿಗೆ ನಿಮ್ಮ ಹತ್ತಿರ ಟೆಸ್ಲಾ ಗನ್, ವೆನಮ್, ಏನೇನೋ ಇರುತ್ತವೆ. ನಾಜಿಗಳು ಸಮಾರಂಭ ಮಾಡಿ ಎಬ್ಬಿಸುವ ಹಳೇ ರಾಜ ಹೈನ್ರಿಕ್ ಕತ್ತಿ ಹಿಡಿದು ಎದ್ದು ಬಂದರೆ ಅವನ ಸುತ್ತ ಓಡಿಕೊಂಡು ಹೊಡೆಯುವುದಷ್ಟೇ ಕೆಲಸ. ಕೈ ತುಂಬಾ ಗುಂಡಿದ್ದರೆ ಯಾವ ದೆವ್ವವೂ ಹೆದರಿಸುವುದಿಲ್ಲ.

ಈಗ ಎರಡನೇ ಪ್ರಶ್ನೆ. ಹೆಣ ಎಬ್ಬಿಸುವ ಯೋಜನೆ ಗೇಮಿನವರದೇ. ಆದರೆ ಹೈನ್ರಿಕ್ ಹೆಸರು ಸುಮ್ನೆ ಬಂದಿದ್ದಲ್ಲ. ಅವನು 919ರಿಂದ 936ರವರೆಗೆ ಆಳಿದ ನಿಜವಾದ ಜರ್ಮನ್ ರಾಜ. ಗೇಮ್ ಅವನ ಕಥೆಯನ್ನು 943ಕ್ಕೆ ಇಟ್ಟಿದೆ, ಪಾಪ, ಆಗ ಅವನು ಸತ್ತು ಏಳು ವರ್ಷ ಆಗಿತ್ತು. ನಾಜಿಗಳ ಎಸ್‌ಎಸ್ ಪಡೆಯ ಮುಖ್ಯಸ್ಥ ಹಿಮ್ಲರ್‌ಗೆ ಈ ರಾಜನ ಮೇಲೆ ವಿಪರೀತ ಭಕ್ತಿ. 1936ರಲ್ಲಿ, ರಾಜ ಸತ್ತು ಸಾವಿರ ವರ್ಷ ಆಯಿತು ಅಂತ, ಕ್ವೆಡ್ಲಿನ್‌ಬುರ್ಗ್‌ನ ಚರ್ಚ್‌ನಲ್ಲಿ ದೊಡ್ಡ ಸಮಾರಂಭ ಮಾಡಿದ. ಮರುವರ್ಷ ಅವನದೇ ಮೂಳೆ ಅಂತ ಹೇಳಿಕೊಂಡು ಯಾವುದೋ ಮೂಳೆಗಳನ್ನು ಮತ್ತೆ ಸಮಾಧಿ ಮಾಡಿಸಿದ. ಹಳೇ ಕಾಲದ ಮಾಟಗಾತಿ ವಿಚಾರಣೆಗಳ ದಾಖಲೆ ಹುಡುಕಿಸಿ ಸುಮಾರು 33,000 ಕಾರ್ಡ್ ಬರೆಸಿದ್ದೂ ಇವನೇ. 1938ರಲ್ಲಿ ಅವನ ಬೆಂಬಲದಿಂದ ಹೊರಟ ಒಂದು ಎಸ್‌ಎಸ್ ತಂಡ ಕಲ್ಕತ್ತಾ, ಸಿಕ್ಕಿಂ ದಾಟಿಕೊಂಡು ಟಿಬೆಟ್‌ಗೂ ಹೋಗಿಬಂತು.

ಕೋಟೆಯ ವಿಷಯವೂ ಹಾಗೇ. ಗೇಮ್‌ನಲ್ಲಿ ಪಾಡರ್‌ಬಾರ್ನ್ ಅನ್ನುವ ಊರು ಬರುತ್ತದೆ, ನೋಡಿ. ನಿಜವಾದ ಪಾಡರ್‌ಬಾರ್ನ್ ಹತ್ತಿರವೇ ವೆವೆಲ್ಸ್‌ಬುರ್ಗ್ ಕೋಟೆ ಇದೆ. 1934ರಲ್ಲಿ ಹಿಮ್ಲರ್ ಅದನ್ನು ನೂರು ವರ್ಷಕ್ಕೆ ಗುತ್ತಿಗೆ ಹಿಡಿದು ಎಸ್‌ಎಸ್‌ನ ಪುಣ್ಯಕ್ಷೇತ್ರದ ಥರ ಮಾಡಲು ಹೊರಟಿದ್ದ. ಕಲ್ಲು ಹೊತ್ತು ಕಟ್ಟಿದವರು ಪಕ್ಕದ ನೀಡರ್‌ಹಾಗನ್ ಶಿಬಿರದ ಕೈದಿಗಳು. ಒಟ್ಟು ಸುಮಾರು 3,900 ಜನ, ಅದರಲ್ಲಿ 1,285 ಮಂದಿ ಸತ್ತರು. ಗೇಮ್ ಈ ಕಡೆಯಿಂದ ನಿಲುವಂಗಿ, ಪಂಜು, ಸಮಾಧಿ ಎಲ್ಲಾ ತೆಗೆದುಕೊಂಡಿದೆ. ಆ ಕೈದಿಗಳು ಎಲ್ಲೂ ಕಾಣುವುದಿಲ್ಲ. ನನಗೆ ಈ ಗೇಮ್ ತುಂಬಾ ಇಷ್ಟ, ಆದರೂ ಈ ವಿಷಯ ಗೊತ್ತಾದ ಮೇಲೆ ಸಮಾರಂಭದ ದೃಶ್ಯ ಬಂದಾಗ ಮೊದಲಿನ ಮಜಾ ಸಿಗುವುದಿಲ್ಲ.

ಇನ್ನು ಆಡುವ ಬಗ್ಗೆ. ನೀವು ‘ಚಿತ್ರ ತುಂಬಾ ಹಳೇದು, ಅಗಲ ಪರದೆಯಲ್ಲಿ ಸರಿ ಕೂರುತ್ತಿಲ್ಲ’ ಅಂತ ಬರೆದಿದ್ದೀರಿ. ಇದರ ಕೋಡ್ 2010ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ, ಹಾಗಾಗಿ ಅಭಿಮಾನಿಗಳು ರಿಪೇರಿ ಮಾಡುತ್ತಲೇ ಇದ್ದಾರೆ. ಗೇಮ್ ಮಾರುವ ಸ್ಟೀಮ್ ತಾಣದಲ್ಲಿ ಮೂಲ ಗೇಮ್ ಕೊಂಡಿದ್ದರೆ ‘ರಿಯಲ್‌ಆರ್‌ಟಿಸಿಡಬ್ಲ್ಯು’ ಅನ್ನುವ ಮಾಡ್, ಅಂದರೆ ಅಭಿಮಾನಿಗಳು ಮಾಡಿದ ಮಾರ್ಪಾಡು, ಉಚಿತ. ಅಗಲ ಪರದೆ ಸರಿಹೋಗುತ್ತದೆ, ಬಂದೂಕಿನ ಸದ್ದೂ ಚೆನ್ನಾಗಿದೆ. ಮೊದಲ ಸಲಕ್ಕೆ ‘ಬ್ರಿಂಗ್ ಎಮ್ ಆನ್’ ಮಟ್ಟ ಸಾಕು. ತೀರಾ ಸುಲಭದ್ದು ಇಟ್ಟರೆ ಸುರಂಗದಲ್ಲಿ ಅಡಗಿಕೊಳ್ಳುವ ಅಗತ್ಯವೇ ಬರುವುದಿಲ್ಲ, ಆಗ ಮೇಲೆ ಹೇಳಿದ ಮಜಾ ಎಲ್ಲಾ ಹೋಯಿತು.

ಇದನ್ನೂ ಆಡಿ ‘ಭಯ ಸಾಲಲಿಲ್ಲ’ ಅನ್ನಿಸಿದರೆ 2023ರ ‘ಅಮ್ನೀಷಿಯಾ: ದಿ ಬಂಕರ್’ ನೋಡಿ. ಸ್ವೀಡನ್‌ನ ಫ್ರಿಕ್ಷನಲ್ ಗೇಮ್ಸ್‌ನವರದು. ಮೊದಲ ಮಹಾಯುದ್ಧ, ಬಂಕರ್‌ನಲ್ಲಿ ಸಿಕ್ಕಿಬಿದ್ದ ಫ್ರೆಂಚ್ ಸೈನಿಕ, ಒಂದು ರಿವಾಲ್ವರ್, ಬೆರಳೆಣಿಕೆಯ ಗುಂಡು. ಜನರೇಟರ್‌ಗೆ ಎಣ್ಣೆ ಮುಗಿದರೆ ಕತ್ತಲೆ. ಟಾರ್ಚ್ ಇದೆ, ಆದರೆ ಹಗ್ಗ ಎಳೆದರೆ ಮಾತ್ರ ಉರಿಯುತ್ತದೆ, ಎಳೆದ ಸದ್ದಿಗೆ ಬಂಕರ್‌ನಲ್ಲಿ ಅಡಗಿರುವ ಒಂದು ಭಯಂಕರ ಪ್ರಾಣಿ ಬರುತ್ತದೆ. ಗುಂಡು ಹಾರಿಸುವ ಚಪಲ ಇರುವವರಿಗೆ ಇದು ಆಗಿಬರುವುದಿಲ್ಲ, ಹಾಗಾಗಿ ಮೊದಲು ವುಲ್ಫೆನ್‌ಸ್ಟೈನ್ ಮುಗಿಸಿ.