ನಿಮ್ಮ ಹೈಡನ್ ಲೇಖನದ ಬಗ್ಗೆ

ನಮಸ್ಕಾರ,

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ರಚನೆಕಾರ ಜೋಸೆಫ್ ಹೈಡನ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಬೇಡಿ. ಹೈಡನ್ ಬಗ್ಗೆ ಕನ್ನಡದಲ್ಲಿ ಇಷ್ಟು ಪ್ರೀತಿಯಿಂದ ಬರೆಯುವವರು ಅಪರೂಪ. ಅದಕ್ಕೇ ಉದ್ದ ಉತ್ತರ ಬರೆಯುತ್ತಿದ್ದೇನೆ.

ಮುಖ್ಯ ತೊಂದರೆ ಏನೆಂದರೆ, ಲೇಖನದಲ್ಲಿ ಹೈಡನ್ ಇದ್ದಾರೆ, ಅವರ ಸಂಗೀತ ಇಲ್ಲ. 1732ರಲ್ಲಿ ಆಸ್ಟ್ರಿಯಾದ ರೋರಾವ್ ಹಳ್ಳಿಯಲ್ಲಿ ಹುಟ್ಟಿದ್ದು, 1809ರಲ್ಲಿ ವಿಯೆನ್ನಾದಲ್ಲಿ ತೀರಿಕೊಂಡಿದ್ದು, ಎಲ್ಲ ಇದೆ. ಸಮಾಧಿಯಿಂದ ಅವರ ತಲೆಬುರುಡೆ ಕದ್ದ ಕಥೆಗೆ ಎರಡು ಪ್ಯಾರಾ ಸಿಕ್ಕಿದೆ. ಕ್ವಾರ್ಟೆಟ್‌ಗಳಿಗೆ, ಅಂದರೆ ನಾಲ್ಕು ತಂತಿವಾದ್ಯಗಳ ಕೃತಿಗಳಿಗೆ, ಸಿಕ್ಕಿದ್ದು ಒಂದೇ ಸಾಲು. ಅದರಲ್ಲೂ ಬರೀ ‘ದಿವ್ಯ’, ‘ಅಮೋಘ’. ಓದುವವರಿಗೆ ಏನೂ ಕೇಳಿಸುವುದಿಲ್ಲ, ಅಲ್ವಾ?

ಸಿಂಫನಿ ಎಂದರೆ ಇಡೀ ವಾದ್ಯವೃಂದಕ್ಕೆ ಬರೆದ ದೊಡ್ಡ ಕೃತಿ. ಅವರ 94ನೇ ಸಿಂಫನಿಯನ್ನೇ ನೋಡಿ. ನಿದ್ದೆ ಹೋಗಿದ್ದ ಲಂಡನ್ ಜನರನ್ನು ಎಬ್ಬಿಸಲು ಹೈಡನ್ ದೊಡ್ಡ ಸದ್ದು ಹಾಕಿದರು ಎಂದು ಬರೆದಿದ್ದೀರಿ. ಈ ಕಥೆ ನಿಜವೇ ಎಂದು ಜೀವನಚರಿತ್ರೆಕಾರ ಗ್ರೀಸಿಂಗರ್ ಕೇಳಿದಾಗ ಹೈಡನ್ ಅಲ್ಲವೆಂದರು. ಹೊಸದೇನಾದರೂ ಕೊಟ್ಟು ಜನರನ್ನು ಬೆರಗುಗೊಳಿಸಬೇಕಿತ್ತು, ಅಷ್ಟೇ. 1792ರ ಆ ಕಾಲದಲ್ಲಿ ಅವರ ಶಿಷ್ಯ ಪ್ಲೇಯೆಲ್ ಅದೇ ಊರಿನಲ್ಲಿ ಎದುರಾಳಿ ಕಚೇರಿಗಳನ್ನು ನಡೆಸುತ್ತಿದ್ದರು.

ಇನ್ನು ಆ ಜಾಗವನ್ನು ಕೇಳಿ. ಎರಡನೇ ಭಾಗ ಶುರುವಾಗುವುದು ಮಕ್ಕಳೂ ಗುನುಗಬಹುದಾದ ಒಂದು ಮಟ್ಟಿನಿಂದ. ಎಂಟು ಬಾರ್ (ತಾಳದ ಆವರ್ತ), ಮೆಲ್ಲಗೆ. ಅದೇ ಮತ್ತೆ, ಇನ್ನೂ ಮೆಲ್ಲಗೆ. ಜೊತೆಗಿರುವ ತಂತಿವಾದ್ಯದವರು ಈಗ ಕಮಾನು ಬಿಟ್ಟು ಬೆರಳಲ್ಲಿ ಮೀಟುತ್ತಾರೆ. ಹದಿನಾರನೇ ಬಾರ್‌ನಲ್ಲಿ ಇಡೀ ವಾದ್ಯವೃಂದ, ಟಿಂಪನಿ ಎಂಬ ದೊಡ್ಡ ನಗಾರಿ ಸಮೇತ, ಒಂದೇ ಏಟು. ನಿಮ್ಮ ಲೇಖನ ಇಲ್ಲಿಗೆ ನಿಲ್ಲುತ್ತದೆ. ಹೈಡನ್ ನಿಲ್ಲುವುದಿಲ್ಲ. ಮುಂದೆ ಅದೇ ಮಟ್ಟು ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಈಗ ಹೊಡೆಯುತ್ತಾರೆ, ಈಗ ಹೊಡೆಯುತ್ತಾರೆ ಎಂದು ನಾವು ಕಾಯುತ್ತೇವೆ. ಆ ಏಟು ಹಾಗೆ ಮತ್ತೆ ಬರುವುದೇ ಇಲ್ಲ. ಕೇಳುಗರ ನಿರೀಕ್ಷೆಯನ್ನೇ ವಾದ್ಯದಂತೆ ನುಡಿಸುವುದು ಅವರ ಶೈಲಿ. ಇದನ್ನು ಬರೆದರೆ ‘ಅಮೋಘ’ ಬೇಕಾಗುವುದಿಲ್ಲ.

‘ಯುರೋಪಿನ ತ್ಯಾಗರಾಜ’ ಎಂಬ ಮಾತು ತೆಗೆಯಿರಿ. ಅರಮನೆಯ ಕರೆಯನ್ನು ಒಲ್ಲೆ ಎಂದವರು ಎಂದೇ ನಾವು ತ್ಯಾಗರಾಜರನ್ನು ನೆನೆಯುತ್ತೇವೆ. ಹೈಡನ್ 1761ರಿಂದ ಹಲವು ದಶಕ ಎಸ್ಟರ್‌ಹಾಜಿ ಎಂಬ ದೊರೆ ಮನೆತನದ ಸಂಬಳದಲ್ಲಿ, ಅವರ ಸಮವಸ್ತ್ರ ಹಾಕಿಕೊಂಡು ದುಡಿದವರು. ದೊರೆಯ ಅಪ್ಪಣೆ ಇಲ್ಲದೆ ಬೇರೆಯವರಿಗೆ ಸಂಗೀತ ಬರೆದುಕೊಡುವ ಹಾಗಿಲ್ಲ ಎಂದು ಮೊದಲ ಕರಾರಿನಲ್ಲೇ ಇತ್ತು. ಆದರೆ ಅದೇ ಚಾಕರಿಯಲ್ಲಿ ಪ್ರತಿದಿನ ಕೈಗೆ ಸಿಗುವ ವಾದ್ಯವೃಂದವೂ ಇತ್ತು. ಬರೆದದ್ದನ್ನು ಕೂಡಲೇ ನುಡಿಸಿ ನೋಡಿ ತಿದ್ದಬಹುದಿತ್ತು. ಲೋಕದಿಂದ ದೂರವಿದ್ದುದರಿಂದಲೇ ತಾನು ಸ್ವಂತಿಕೆ ಕಂಡುಕೊಳ್ಳಬೇಕಾಯಿತು ಎಂದು ಅವರೇ ಹೇಳಿದ್ದಾರೆ. ಹೋಲಿಕೆಗಿಂತ ಇದು ಎಷ್ಟೋ ಗಟ್ಟಿ.

‘ಸಿಂಫನಿಯ ಪಿತಾಮಹ’ ಎಂಬ ತಲೆಬರಹವೂ ಬೇಡ. ಮಿಲಾನ್‌ನಲ್ಲಿ ಸಮ್ಮಾರ್ತಿನಿ, ಮಾನ್‌ಹೈಮ್‌ನಲ್ಲಿ ಸ್ಟಾಮಿಟ್ಸ್ ಎಂಬ ರಚನೆಕಾರರು ಹೈಡನ್‌ಗಿಂತ ಮೊದಲೇ ಸಿಂಫನಿ ಬರೆದಿದ್ದರು. ಒಂದು ಪುಟ್ಟ ತುಣುಕಿನಿಂದ ಇಡೀ ಭಾಗವನ್ನು ಬೆಳೆಸುವುದನ್ನು ಹೈಡನ್ ಎತ್ತರಕ್ಕೆ ಒಯ್ದರು. 1792ರ ಕೊನೆಯಲ್ಲಿ ವಿಯೆನ್ನಾಗೆ ಬಂದು ಅವರ ಹತ್ತಿರ ಕಲಿತ ಬೀಥೋವನ್, ಮುಂದೆ ನಾಲ್ಕು ಸ್ವರಗಳಿಂದ ಐದನೇ ಸಿಂಫನಿಯ ಮೊದಲ ಭಾಗ ಕಟ್ಟಿದರು. ಪರಂಪರೆಯ ಮಾತು ಆಡುವುದಾದರೆ ಇಲ್ಲಿಂದ ಶುರು ಮಾಡಿ. ಮೊಜಾರ್ಟ್ 1785ರಲ್ಲಿ ಆರು ಕ್ವಾರ್ಟೆಟ್‌ಗಳನ್ನು ಹೈಡನ್‌ಗೆ ಅರ್ಪಿಸಿದ್ದನ್ನು ನೀವು ಬರೆದಿದ್ದೀರಿ, ಅದು ಇರಲಿ.

‘ವಿದಾಯ’ ಸಿಂಫನಿಯ ಪ್ಯಾರಾ ನನಗೆ ತುಂಬ ಹಿಡಿಸಿತು. ವಾದಕರು ಒಬ್ಬೊಬ್ಬರಾಗಿ ಮೇಣದಬತ್ತಿ ಆರಿಸಿ ಎದ್ದು ಹೋಗುವುದು, ಕೊನೆಗೆ ಎರಡೇ ಪಿಟೀಲು ಉಳಿಯುವುದು. ಅಲ್ಲಿ ಒಂದು ವಿಶೇಷಣವೂ ಇಲ್ಲ, ಎಲ್ಲ ಕಾಣುತ್ತದೆ, ಕೇಳುತ್ತದೆ. ಅದರ ಕೆಳಗೆ ಸೇರಿಸಿರುವ ಕಾರ್ಮಿಕ ಹೋರಾಟದ ವಿವರಣೆ ಮಾತ್ರ ಹೊಡೆದುಹಾಕಿ.

ತಲೆಬುರುಡೆಯ ಜಾಗದಲ್ಲಿ ಓಪಸ್ (ಕೃತಿಸಂಖ್ಯೆ) 33ರ ಎರಡನೇ ಕ್ವಾರ್ಟೆಟ್‌ನ ಕೊನೆಯ ಒಂದು ನಿಮಿಷದ ಬಗ್ಗೆ ಬರೆಯಿರಿ. ಮುಗಿಯಿತು ಎಂದುಕೊಂಡ ಮೇಲೂ ಅದು ಹೇಗೆ ಮುಗಿಯುವುದಿಲ್ಲ ಎಂಬುದನ್ನು ಕೇಳಿ, ಕೇಳಿದ್ದನ್ನಷ್ಟೇ ಬರೆಯಿರಿ. ಲೇಖನ ಅರ್ಧಕ್ಕೆ ಇಳಿದರೂ ಪರವಾಗಿಲ್ಲ. ಮುಂದಿನ ಸಂಚಿಕೆಗೆ ಜಾಗ ಹಿಡಿದಿಟ್ಟಿರುತ್ತೇನೆ.

ಇಂತಿ,
ಸಂಪಾದಕ