ಸಡಿಲ ಸ್ಟಿಯರಿಂಗ್, ಮೊಂಡು ಮೂತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನದು ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5, ಪವರ್ ಸ್ಟಿಯರಿಂಗ್ ಇದೆ. ನೇರ ಹೋಗುವಾಗ ಸ್ಟಿಯರಿಂಗನ್ನು ಒಂದೆರಡು ಬೆರಳಗಲ ತಿರುಗಿಸಿದರೂ ಕಾರು ಕದಲುವುದಿಲ್ಲ. ಹೆಚ್ಚು ಖರ್ಚಿಲ್ಲದೆ ಚುರುಕಾಗಬೇಕೆಂದರೆ ಮೊದಲು ಯಾವ ಭಾಗ ಕೊಳ್ಳಲಿ?

ಉತ್ತರ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. 1989ರಲ್ಲಿ ಹೊರಬಂದ ಈ ಮಾದರಿಗೆ ನಾಲ್ಕೂ ಚಕ್ರಗಳಲ್ಲಿ ಡಬಲ್ ವಿಶ್‌ಬೋನ್ ಸಸ್ಪೆನ್ಷನ್ (ಪ್ರತಿ ಚಕ್ರವನ್ನೂ ಮೇಲೊಂದು, ಕೆಳಗೊಂದು ಆರ್ಮ್ ಹಿಡಿದಿರುವ ಜೋಡಣೆ) ಇದೆ, ಹೊಸದಿದ್ದಾಗ ಸ್ಟಿಯರಿಂಗ್ ಬಿಗಿಯಾಗಿಯೇ ಇತ್ತು. ಈಗ ಆಟ (ಕೀಲಿನಲ್ಲಿ ಸಡಿಲ ಅಲುಗಾಟ) ಬಂದಿದೆ ಎಂದರೆ ಯಾವುದೋ ಕೀಲು ಸವೆದಿದೆ. ಅದನ್ನು ಬಿಟ್ಟು ಬೇರೆಡೆ ಹೊಸ ಭಾಗ ಹಾಕಿದರೆ ಸಡಿಲ ಹಾಗೇ ಉಳಿಯುತ್ತದೆ.

ಹುಡುಕಲು ಇಬ್ಬರು ಬೇಕು. ಕಾರನ್ನು ಗಟ್ಟಿಯಾದ ರ‍್ಯಾಂಪ್ ಮೇಲೆ ಹತ್ತಿಸಿ. ಚಕ್ರದ ಮೇಲೆ ಭಾರ ಇರಲೇಬೇಕು, ನೇತಾಡುವ ಚಕ್ರದಲ್ಲಿ ಆಟ ಸರಿಯಾಗಿ ಕಾಣುವುದಿಲ್ಲ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ, ಹಿಂದಿನ ಚಕ್ರಗಳಿಗೆ ಅಡ್ಡ ಕೊಡಿ. ಎಂಜಿನ್ ಚಾಲೂ ಮಾಡಿ ಒಬ್ಬರು ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ಅಲ್ಲಾಡಿಸುತ್ತಿರಲಿ. ಎಂಜಿನ್ ನಿಂತಿದ್ದರೆ ಪವರ್ ಸ್ಟಿಯರಿಂಗ್ ಒಳಗಿನ ಟಾರ್ಷನ್ ಬಾರ್ ಎಂಬ ತೆಳು ಸರಳಿನ ಸಹಜ ತಿರುಚನ್ನೇ ನೀವು ದೋಷ ಎಂದುಕೊಳ್ಳುವ ಅಪಾಯ ಉಂಟು. ಇನ್ನೊಬ್ಬರು ಫ್ಯಾನ್ ಮತ್ತು ಬೆಲ್ಟ್‌ಗಳಿಂದ ಕೈ ದೂರ ಇಟ್ಟುಕೊಂಡು ಕೆಳಗಿನಿಂದ ಒಂದೊಂದೇ ಕೀಲು ನೋಡಲಿ.

ಬರೀ ಕಣ್ಣು ಸಾಲದು, ಬೆರಳು ಬೇಕು. ಚಕ್ರವನ್ನು ಎಳೆದು ತಳ್ಳಿ ತಿರುಗಿಸುವ ಸರಳೇ ಟೈ ರಾಡ್. ಅದರ ಹೊರತುದಿಯ ಕೀಲಾದ ಟೈ ರಾಡ್ ಎಂಡ್‌ನ ಎರಡು ಭಾಗಗಳು ಕೂಡುವ ಕಡೆ ಬೆರಳನ್ನು ಅಡ್ಡ ಇಡಿ. ಒಂದು ಭಾಗ ಮೊದಲು ಸರಿದು ಇನ್ನೊಂದು ತಡವಾಗಿ ಹಿಂಬಾಲಿಸಿದರೆ, ಕಣ್ಣಿಗೆ ಕಾಣದಷ್ಟು ಸಣ್ಣ ಆಟವೂ ಬೆರಳ ತುದಿಗೆ ‘ಟಿಕ್’ ಎಂದು ತಿಳಿಯುತ್ತದೆ. ಒಳಗಿನ ಟೈ ರಾಡ್ ಕೀಲು ರಬ್ಬರ್ ಬೂಟ್‌ನೊಳಗೆ ಅಡಗಿರುತ್ತದೆ, ಬೂಟನ್ನು ಹಿಂಡಿ ಹಿಡಿದು ನೋಡಿ. ಆಮೇಲೆ ರ‍್ಯಾಕ್ (ಸ್ಟಿಯರಿಂಗ್ ತಿರುಗಿದಾಗ ಟೈ ರಾಡ್‌ಗಳನ್ನು ಸರಿಸುವ ಹಲ್ಲಿನ ಸರಳಿನ ಘಟಕ) ಬಿಗಿದಿರುವ, ರಬ್ಬರ್ ಮೆತ್ತೆಯಂಥ ಬುಶ್‌ಗಳು: ಸ್ಟಿಯರಿಂಗ್ ತಿರುಗಿದಾಗ ಇಡೀ ರ‍್ಯಾಕ್ ಪಕ್ಕಕ್ಕೆ ಜರುಗುತ್ತಿದ್ದರೆ ತಪ್ಪಿತಸ್ಥ ಸಿಕ್ಕಿದ ಹಾಗೆ. ಹಳೆಯ ಕಾರಿನಲ್ಲಿ ರ‍್ಯಾಕ್ ಬುಶ್ ಬದಲಿಸುವುದು ಬಲು ಅಗ್ಗದ ಕೆಲಸ, ಫಲ ಮಾತ್ರ ಮೊದಲ ತಿರುವಿನಲ್ಲೇ ಕೈಗೆ ಗೊತ್ತಾಗುತ್ತದೆ. ಕೊನೆಗೆ ಸ್ಟಿಯರಿಂಗ್ ಕಾಲಂನ ಯೂನಿವರ್ಸಲ್ ಜಾಯಿಂಟ್ ನೋಡಿ. ಅದು ಸವೆದರೆ ಆಟ ಬರುತ್ತದೆ, ತುಕ್ಕು ಹಿಡಿದರೆ ಒಂದು ಪೂರ್ತಿ ಸುತ್ತಿನಲ್ಲಿ ಎರಡು ಸಲ ಬಿಗಿ, ಎರಡು ಸಲ ಸಡಿಲ ಅನ್ನಿಸುತ್ತದೆ.

ಬಳಿಕ ಚಕ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು, ಗಡಿಯಾರದ 12 ಮತ್ತು 6ರ ಜಾಗ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಬಾಲ್ ಜಾಯಿಂಟ್ (ಆರ್ಮ್‌ನ ಹೊರತುದಿಯ ಗುಂಡುಕೀಲು) ಅಥವಾ ವೀಲ್ ಬೇರಿಂಗ್. ಜೊತೆಗಾರರು ಬ್ರೇಕ್ ತುಳಿದ ಕೂಡಲೇ ಆ ಆಟ ಮಾಯವಾದರೆ ಬೇರಿಂಗ್, ಹಾಗೇ ಉಳಿದರೆ ಬಾಲ್ ಜಾಯಿಂಟ್. ಟೈ ರಾಡ್ ಎಂಡ್ ಬದಲಿಸುವವರು ಬಿಚ್ಚುವ ಮೊದಲು ಹೊರಗೆ ಕಾಣುವ ಮರೆಗಳನ್ನು (ತಿರುಪಿನ ಸುತ್ತುಗಳನ್ನು) ಎಣಿಸಿ ಬರೆದಿಡಿ, ನಟ್ ಕಳಚದಂತೆ ತಡೆಯುವ ಕಾಟರ್ ಪಿನ್ ಹೊಸದನ್ನೇ ಹಾಕಿ, ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ಮುಖ ಮಾಡಿರುವ ಓರೆ) ಮತ್ತೆ ಅಳೆಸಿ.

ರ‍್ಯಾಕ್‌ನ ಹೊಂದಾಣಿಕೆ ನಟ್ಟನ್ನು ಬಿಗಿದು ಆಟ ತೆಗೆಯುವ ಸಲಹೆಯೂ ನಿಮ್ಮ ಕಿವಿಗೆ ಬಿದ್ದಿರಬಹುದು. ಅವಸರ ಬೇಡ. ರ‍್ಯಾಕ್‌ನ ಹಲ್ಲುಗಳು ಹೆಚ್ಚು ಸವೆಯುವುದು ಮಧ್ಯದಲ್ಲಿ. ಅಲ್ಲಿಗೆ ಸರಿಯಾಗಿ ಬಿಗಿದರೆ ಸವೆಯದ ಅಂಚುಗಳಲ್ಲಿ ಸ್ಟಿಯರಿಂಗ್ ಕಚ್ಚಿಕೊಳ್ಳುತ್ತದೆ, ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಮರಳುವುದಿಲ್ಲ. ಸರ್ವಿಸ್ ಮ್ಯಾನ್ಯುಯಲ್‌ನ ಅಳತೆ ಕೈಯಲ್ಲಿಲ್ಲದೆ ಅದನ್ನು ಮುಟ್ಟಬೇಡಿ.

ಪ್ರಶ್ನೆ: ಟೈರ್ ಗಾಳಿ ಎಷ್ಟಿರಬೇಕು? ಒಬ್ಬರು ಹೆಚ್ಚು ಎನ್ನುತ್ತಾರೆ, ಇನ್ನೊಬ್ಬರು ಕಡಿಮೆ.

ಉತ್ತರ: ಕಾರಿನ ಬಾಗಿಲ ಚೌಕಟ್ಟಿನ ಬಳಿ ಅಂಟಿಸಿರುವ ಅಂಕಿಯಿಂದ ಶುರು ಮಾಡಿ. ಗಾಳಿಯ ಒತ್ತಡವನ್ನು ಯಾವಾಗಲೂ ಟೈರ್ ತಣ್ಣಗಿರುವಾಗ ಅಳೆಯಿರಿ. ತಾಪ 10 ಡಿಗ್ರಿ ಏರಿದರೆ ಒತ್ತಡ ಸುಮಾರು 1.5 ಪಿಎಸ್‌ಐ ಏರುತ್ತದೆ, ಆದ್ದರಿಂದ ಬೆಳಗಿನ ಅಳತೆಯನ್ನು ಮಧ್ಯಾಹ್ನದ ಅಳತೆಯ ಜೊತೆ ಹೋಲಿಸಿ ಫಲವಿಲ್ಲ.

ಆಮೇಲಿನದನ್ನು ಸೀಮೆಸುಣ್ಣ ಹೇಳುತ್ತದೆ. ಟೈರಿನ ನೆಲ ಮುಟ್ಟುವ ಭಾಗ ಮತ್ತು ಪಕ್ಕೆ ಸೇರುವ ಭುಜದ ಮೇಲೆ ಮೂರು ಕಡೆ ಗೆರೆ ಎಳೆಯಿರಿ. ಖಾಲಿ ಮೈದಾನದಲ್ಲೋ ಟ್ರ್ಯಾಕ್‌ನಲ್ಲೋ ಬಿಗಿಯಾದ ಕೆಲವು ತಿರುವು ಹಾಕಿ ಬಂದು ನೋಡಿ. ಸುಣ್ಣ ಭುಜ ದಾಟಿ ಪಕ್ಕೆಯವರೆಗೂ ಅಳಿಸಿದ್ದರೆ ಟೈರ್ ಮಡಿಚಿಕೊಳ್ಳುತ್ತಿದೆ, 2 ಪಿಎಸ್‌ಐ ಏರಿಸಿ. ಭುಜದ ಹತ್ತಿರಕ್ಕೂ ಅಳಿಸಿಲ್ಲ ಎಂದರೆ 2 ಇಳಿಸಿ. ಟೈರಿನ ಮೇಲೆ ಬರೆದಿರುವ ಗರಿಷ್ಠ ಮಿತಿ ಮಾತ್ರ ದಾಟಬಾರದು. ಮುಂದಿನದನ್ನೂ ಹಿಂದಿನದನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ, ಒಂದು ಸಲಕ್ಕೆ ಒಂದೇ ಕಡೆ.

ಪ್ರಶ್ನೆ: ವೀಲ್ ಅಲೈನ್‌ಮೆಂಟ್ ಕಂಪನಿಯ ಮಿತಿಯೊಳಗೇ ಇದೆ ಎಂದು ಯಂತ್ರ ಹಸಿರು ತೋರಿಸಿದೆ. ಆದರೂ ಮನೆಯಲ್ಲೇ ದಾರದಿಂದ ಅಳೆದು ಬದಲಿಸಿದರೆ ಲಾಭ ಇದೆಯೇ?

ಉತ್ತರ: ಖಂಡಿತ ಇದೆ. ನಮ್ಮ ಎಣಿಕೆಯಲ್ಲಿ ಖರ್ಚಿಗೆ ಹೋಲಿಸಿದರೆ ಕಾರಿನ ಸ್ವಭಾವವನ್ನು ಇಷ್ಟು ಬದಲಿಸುವ ಕೆಲಸ ಬೇರೊಂದಿಲ್ಲ. ಕಂಪನಿಯ ಮಿತಿ ಅಗಲವಾಗಿರುತ್ತದೆ. ಎಡಗಡೆ ಒಂದು ತುದಿಯಲ್ಲಿ, ಬಲಗಡೆ ಇನ್ನೊಂದು ತುದಿಯಲ್ಲಿದ್ದರೂ ಯಂತ್ರ ಹಸಿರನ್ನೇ ತೋರಿಸುತ್ತದೆ.

ಮೊದಲ ಪ್ರಶ್ನೆಯ ಎಂಎಕ್ಸ್-5ರಂಥ ಹಗುರ ಹಿಂಬದಿ ಚಾಲನೆಯ ಕಾರಿಗೆ, ರಸ್ತೆ ಬಳಕೆಗೆ ಒಗ್ಗುವ ಅಳತೆ ಇದು. ಮುಂದೆ ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರದ ವಾಲು, ಮೈನಸ್ ಎಂದರೆ ಮೇಲ್ತುದಿ ಒಳಕ್ಕೆ) ಮೈನಸ್ 1 ಡಿಗ್ರಿ, ಕ್ಯಾಸ್ಟರ್ (ಚಕ್ರ ಎಡ ಬಲ ಹೊರಳುವ ಸ್ಟಿಯರಿಂಗ್ ಅಚ್ಚು ಪಕ್ಕದಿಂದ ನೋಡಿದಾಗ ಹಿಂದಕ್ಕೆ ವಾಲಿರುವ ಕೋನ) 5 ಡಿಗ್ರಿಯ ಆಸುಪಾಸು, ಟೋ ಸೊನ್ನೆಯಿಂದ ಒಟ್ಟು 1.5 ಮಿ.ಮೀ. ಒಳಮುಖ. ಹಿಂದೆ ಕ್ಯಾಂಬರ್ ಮೈನಸ್ 1.5 ಡಿಗ್ರಿ, ಟೋ ಒಟ್ಟು 1.5ರಿಂದ 3 ಮಿ.ಮೀ. ಒಳಮುಖ. ಎಡ ಬಲ ಎರಡೂ ಒಂದೇ ಇರಬೇಕು. ಒಂದು ಕಡೆ ಅಂಕಿ ತುಸು ಕಡಿಮೆ ಸಿಕ್ಕರೆ ಇನ್ನೊಂದನ್ನೂ ಅದಕ್ಕೇ ಇಳಿಸಿ.

ಮುಂದಿನ ಟೋ ತುಸು ಹೊರಮುಖವಾದರೆ ಕಾರು ತಿರುವಿಗೆ ಚಟ್ಟನೆ ಇಳಿಯುತ್ತದೆ, ಆದರೆ ನೇರ ರಸ್ತೆಯಲ್ಲಿ ಅಲೆದಾಡುತ್ತದೆ, ಟೈರಿನ ಒಳ ಅಂಚು ಬೇಗ ಸವೆಯುತ್ತದೆ. ಹಿಂದಿನ ಚಕ್ರಗಳಿಗೆ ಹೊರಮುಖ ಟೋ ಯಾವ ಕಾರಣಕ್ಕೂ ಬೇಡ: ತಿರುವಿನ ನಡುವೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದ ಗಳಿಗೆಯಲ್ಲಿ ಹಿಂಭಾಗ ಜಾರುತ್ತದೆ.

ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಚಾಲಕನ ತೂಕದಷ್ಟು ಭಾರ ಸೀಟಿನಲ್ಲಿಡಿ, ಸ್ಟಿಯರಿಂಗನ್ನು ನೇರಕ್ಕೆ ಕಟ್ಟಿಹಾಕಿ. ನಾಲ್ಕು ಸ್ಟ್ಯಾಂಡ್‌ಗಳಿಗೆ ಕಟ್ಟಿದ ಎರಡು ದಾರಗಳು ಕಾರಿನ ಎರಡೂ ಪಕ್ಕ, ಹಬ್‌ನ (ಚಕ್ರದ ನಡುಭಾಗದ) ನಡುಮಟ್ಟದಲ್ಲಿ ಹಾಯಲಿ. ಬಹಳ ಜನ ಎಡವುವುದು ಇಲ್ಲೇ. ಮುಂದಿನ ಚಕ್ರಗಳ ನಡುವಿನ ಅಗಲ, ಹಿಂದಿನವುಗಳ ಅಗಲ ಬೇರೆ ಬೇರೆ. ಹಾಗಾಗಿ ಮುಂದಿನ ಹಬ್‌ನಿಂದ ದಾರಕ್ಕಿರುವ ದೂರ ಹಿಂದಿನದಕ್ಕೆ ಸಮ ಇರಬೇಕಿಲ್ಲ. ಎಡ ಬಲ ಸಮ ಇರಬೇಕು, ಎರಡು ದಾರಗಳ ನಡುವಿನ ಅಂತರ ಮುಂದೂ ಹಿಂದೂ ಒಂದೇ ಇರಬೇಕು. ಇದು ಹೊಂದುವವರೆಗೆ ರಿಮ್ ಅಳೆಯಬೇಡಿ.

ಈಗ ದಾರದಿಂದ ರಿಮ್‌ನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಉಕ್ಕಿನ ಸ್ಕೇಲಿನಲ್ಲಿ ಅಳೆಯಿರಿ. ಮುಂದಿನ ಅಂಚು ದಾರದಿಂದ ಹೆಚ್ಚು ದೂರವಿದ್ದರೆ ಟೋ ಒಳಮುಖ. ವ್ಯತ್ಯಾಸವೇ ಆ ಚಕ್ರದ ಟೋ, ಎಡ ಬಲದ್ದನ್ನು ಕೂಡಿದರೆ ಒಟ್ಟು. 15 ಇಂಚಿನ ರಿಮ್‌ಗೆ 1 ಡಿಗ್ರಿ ಎಂದರೆ ಸುಮಾರು 6.6 ಮಿ.ಮೀ. ಕ್ಯಾಂಬರ್‌ಗೆ ತೂಗುಗುಂಡು ಸಾಕು: 400 ಮಿ.ಮೀ. ಎತ್ತರದಲ್ಲಿ 7 ಮಿ.ಮೀ. ವಾಲಿದರೆ 1 ಡಿಗ್ರಿ.

ಹೊಂದಿಸುವಾಗ ಹಿಂದಿನದು ಮೊದಲು, ಮುಂದಿನದು ಆಮೇಲೆ. ಕ್ಯಾಂಬರ್, ಕ್ಯಾಸ್ಟರ್ ಮೊದಲು, ಟೋ ಕೊನೆಗೆ. ಎಂಎಕ್ಸ್-5ರ ಪ್ರತಿ ಕೆಳ ಆರ್ಮ್‌ನ ಒಳಗೀಲಿಗೆ ಎರಡು ಎಕ್ಸೆಂಟ್ರಿಕ್ ಬೋಲ್ಟ್ (ತಿರುಗಿಸಿದರೆ ಆರ್ಮ್ ಒಳಗೋ ಹೊರಗೋ ಸರಿಯುವಂಥ, ನಡು ತಪ್ಪಿಸಿದ ಬೋಲ್ಟ್) ಇವೆ. ಮುಂದಿನ ಆರ್ಮ್‌ಗಳಲ್ಲಿ ಎರಡನ್ನೂ ಒಂದೇ ದಿಕ್ಕಿಗೆ ಸರಿಸಿದರೆ ಕ್ಯಾಂಬರ್, ಒಂದಕ್ಕೊಂದು ಎದುರಾಗಿ ಸರಿಸಿದರೆ ಕ್ಯಾಸ್ಟರ್ ಬದಲಾಗುತ್ತದೆ. ಹಳೆಯ ಕಾರುಗಳಲ್ಲಿ ಇವು ಬುಶ್‌ನ ಉಕ್ಕಿನ ಕೊಳವೆಗೆ ತುಕ್ಕಿನಿಂದ ಅಂಟಿರುತ್ತವೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ.

ಮುಂದಿನ ಟೋ ಬದಲಿಸಲು ಟೈ ರಾಡ್‌ನ ಲಾಕ್ ನಟ್ ಸಡಿಲಿಸಿ ಎರಡೂ ಕಡೆ ಸಮನಾಗಿ ತಿರುಗಿಸಿ, ಇಲ್ಲದಿದ್ದರೆ ಸ್ಟಿಯರಿಂಗ್ ಓರೆಯಾಗುತ್ತದೆ. ಬೂಟ್‌ನ ಕ್ಲಿಪ್ ತೆಗೆಯಲು ಮರೆತರೆ ರಬ್ಬರ್ ತಿರುಚಿ ಹರಿಯುತ್ತದೆ. ರ‍್ಯಾಕ್ ಆಕ್ಸಲ್‌ನ ಮುಂದಿದ್ದರೆ ಟೈ ರಾಡ್ ಉದ್ದ ಮಾಡಿದಾಗ ಟೋ ಹೊರಕ್ಕೆ, ಹಿಂದಿದ್ದರೆ ಒಳಕ್ಕೆ. ಪ್ರತಿ ಬದಲಾವಣೆ ಆದ ಮೇಲೆ ಕಾರನ್ನು ಕೆಲವು ಮೀಟರ್ ಹಿಂದೆ ಮುಂದೆ ಉರುಳಿಸಿ ಮತ್ತೆ ಅಳೆಯಿರಿ. ಜ್ಯಾಕ್‌ನಿಂದ ಇಳಿಸಿದ ಚಕ್ರ ಒಳಗೆ ಸೇದಿಕೊಂಡಿರುತ್ತದೆ, ಆ ಅಳತೆ ಸುಳ್ಳು.

ಪ್ರಶ್ನೆ: ಸಸ್ಪೆನ್ಷನ್ ಬುಶ್‌ಗಳನ್ನು ಹೊಸ ರಬ್ಬರ್‌ನವನ್ನೇ ಹಾಕಿಸಿದೆ. ಕಾರು ಮೊದಲಿಗಿಂತ ಎತ್ತರ ನಿಂತಿದೆ, ಕುಲುಕಾಟ ಬೇರೆ. ಗಟ್ಟಿ ಪ್ಲಾಸ್ಟಿಕ್‌ನಂಥ ಪಾಲಿಯುರೆಥೇನ್‌ಗೆ ಬದಲಿಸಲೇ?

ಉತ್ತರ: ಬುಶ್‌ನಲ್ಲಿ ದೋಷ ಇರಲಿಕ್ಕಿಲ್ಲ, ಬೋಲ್ಟ್ ಬಿಗಿದ ಕ್ರಮದಲ್ಲಿ ಇರಬಹುದು. ರಬ್ಬರ್ ಬುಶ್ ಒಳಗಿನ ಕೊಳವೆಗೂ ಹೊರಗಿನ ಕೊಳವೆಗೂ ಅಂಟಿಕೊಂಡಿರುತ್ತದೆ. ಅದು ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ನೇತಾಡುತ್ತಿರುವಾಗ ಬೋಲ್ಟ್ ಬಿಗಿದು ಕಾರನ್ನು ಇಳಿಸಿದರೆ ರಬ್ಬರ್ ಸದಾ ತಿರುಚಿದ ಸ್ಥಿತಿಯಲ್ಲೇ ಇದ್ದು, ಇನ್ನೊಂದು ಸ್ಪ್ರಿಂಗ್‌ನಂತೆ ಕಾರನ್ನು ಮೇಲಕ್ಕೆ ತಳ್ಳುತ್ತದೆ. ಬೇಗ ಹರಿಯುವುದೂ ಅದಕ್ಕೇ.

ಪರಿಹಾರಕ್ಕೆ ಖರ್ಚಿಲ್ಲ. ಎಕ್ಸೆಂಟ್ರಿಕ್ ಬೋಲ್ಟ್‌ಗಳು ಎಲ್ಲಿ ನಿಂತಿವೆ ಎಂದು ಬಣ್ಣದಲ್ಲಿ ಗುರುತು ಹಾಕಿ. ನಾಲ್ಕೂ ಚಕ್ರದ ಮೇಲೆ ಭಾರ ಇರುವಂತೆ ರ‍್ಯಾಂಪ್‌ಗಳ ಮೇಲೆ ನಿಲ್ಲಿಸಿ, ಆರ್ಮ್‌ಗಳ ಒಳಗೀಲಿನ ಬೋಲ್ಟ್‌ಗಳನ್ನು ಸಡಿಲಿಸಿ. ನಟ್ ಪೂರ್ತಿ ತೆಗೆಯಬಾರದು. ಕಾರನ್ನು ನಾಲ್ಕೈದು ಸಲ ಕೆಳಕ್ಕೆ ಒತ್ತಿ ಬಿಡಿ. ಅದು ತನ್ನ ಎತ್ತರಕ್ಕೆ ಕೂತ ಮೇಲೆ ಮ್ಯಾನ್ಯುಯಲ್‌ನ ಅಳತೆಗೆ ಟಾರ್ಕ್ ರೆಂಚ್‌ನಲ್ಲಿ ಬಿಗಿಯಿರಿ. ಕಾರನ್ನು ತಗ್ಗಿಸಿದ ಪ್ರತಿಸಲವೂ ಈ ಕೆಲಸ ಮತ್ತೆ ಆಗಬೇಕು.

ಪಾಲಿಯುರೆಥೇನ್ ಬುಶ್ ಕೊಳವೆಯ ಮೇಲೆ ಜಾರುತ್ತದೆ, ಅದಕ್ಕೆ ಈ ತೊಂದರೆ ಇಲ್ಲ. ಆದರೆ ಸಿಲಿಕೋನ್ ಗ್ರೀಸ್ ಒಣಗಿದರೆ ಕಿರುಗುಟ್ಟುತ್ತದೆ. ಒಂದೇ ಅಚ್ಚಿನಲ್ಲಿ ತಿರುಗುವ ಆರ್ಮ್‌ಗೆ ಅದು ಸರಿ. ಅಡ್ಡಡ್ಡ ಹೊರಳಬೇಕಾದ ಟ್ರೇಲಿಂಗ್ ಆರ್ಮ್‌ನಂಥ ಕಡೆ ಹಾಕಿದರೆ ಸಸ್ಪೆನ್ಷನ್ ಕಚ್ಚಿಕೊಳ್ಳುತ್ತದೆ.

ಪ್ರಶ್ನೆ: ಪವರ್ ಸ್ಟಿಯರಿಂಗ್‌ನ ಬೆಲ್ಟ್ ತೆಗೆದು, ರ‍್ಯಾಕ್‌ನ ಪೈಪುಗಳನ್ನು ಒಂದಕ್ಕೊಂದು ಜೋಡಿಸಿದರೆ ರಸ್ತೆಯ ಸ್ಪರ್ಶ ಕೈಗೆ ಚೆನ್ನಾಗಿ ಸಿಗುತ್ತದಂತೆ, ನಿಜವೇ?

ಉತ್ತರ: ಅರ್ಧ ನಿಜ. ಪಂಪ್ ಇಲ್ಲದಿದ್ದರೂ ರ‍್ಯಾಕ್ ಒಳಗಿನ ಪಿಸ್ಟನ್ ದ್ರವವನ್ನು ವಾಲ್ವ್‌ನ ಸಣ್ಣ ರಂಧ್ರಗಳಲ್ಲಿ ತಳ್ಳುತ್ತಲೇ ಇರುತ್ತದೆ, ಆ ಭಾರ ನಿಮ್ಮ ತೋಳಿಗೆ. ಜೊತೆಗೆ ಟಾರ್ಷನ್ ಬಾರ್ ತಿರುಚಿ ಮುಗಿಯುವವರೆಗೆ ಮಧ್ಯದಲ್ಲಿ ಆಟ ಹೆಚ್ಚುತ್ತದೆ. ಸರಿಯಾಗಿ ಮಾಡಬೇಕೆಂದರೆ ಪಿಸ್ಟನ್‌ನ ಸೀಲ್ ತೆಗೆದು ಪಿನಿಯನ್ (ಸ್ಟಿಯರಿಂಗ್ ಕಡೆಯ ಹಲ್ಲುಚಕ್ರ) ವಾಲ್ವನ್ನು ವೆಲ್ಡ್ ಮಾಡಬೇಕು. ಆ ವೆಲ್ಡ್ ಬಿಟ್ಟರೆ ಸ್ಟಿಯರಿಂಗೇ ಇಲ್ಲ. ಅನುಭವಿ ಯಂತ್ರಕಾರರ ಹೊರತು ಯಾರೂ ಕೈ ಹಾಕಬಾರದು. ನಿಮ್ಮ ಮಾದರಿಗೇ ಕಂಪನಿ ಕೊಟ್ಟ, ಪವರ್ ನೆರವಿಲ್ಲದ ಮ್ಯಾನ್ಯುಯಲ್ ರ‍್ಯಾಕ್ ಹಳೆಯದು ಸಿಕ್ಕರೆ ಅದೇ ಸುರಕ್ಷಿತ.

ಪ್ರಶ್ನೆ: ಮುಂಬದಿ ಚಾಲನೆಯ ಹ್ಯಾಚ್‌ಬ್ಯಾಕ್, ತಿರುವಿನಲ್ಲಿ ಮೂತಿ ಹೊರಕ್ಕೇ ಹೋಗುತ್ತದೆ. ಹಿಂದೆ ದಪ್ಪ ಆಂಟಿ ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲುವುದನ್ನು ತಡೆಯುವ ಸರಳು) ಹಾಕಿದರೆ?

ಉತ್ತರ: ಟೈರ್ ಗಾಳಿ, ಅಲೈನ್‌ಮೆಂಟ್ ಮುಗಿದಿದ್ದರೆ ಹಾಕಬಹುದು. ಗಟ್ಟಿ ಸರಳಿನ ಬಿಗಿ ಅದರ ವ್ಯಾಸದ ನಾಲ್ಕನೇ ಘಾತಕ್ಕೆ ಏರುತ್ತದೆ. 18 ಮಿ.ಮೀ. ಬದಲು 20 ಹಾಕಿದರೆ ಬಿಗಿ ಸುಮಾರು ಶೇ 52 ಹೆಚ್ಚು. ಕೇಳಲು ಎರಡೇ ಮಿಲಿಮೀಟರ್, ಆದರೆ ಮಳೆಯಲ್ಲಿ ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟಾಗ ಹಿಂಭಾಗ ಹೊರಕ್ಕೆ ಜಾರುವಷ್ಟು ವ್ಯತ್ಯಾಸ. ಒಮ್ಮೆಗೇ ಅತಿ ದಪ್ಪದ್ದಕ್ಕೆ ಹಾರಬೇಡಿ. ತುದಿಯಲ್ಲಿ ಎರಡು ಮೂರು ರಂಧ್ರ ಇರುವ ಬಾರ್ ಆದರೆ ಹೊರಗಿನ ರಂಧ್ರದಿಂದ ಶುರು ಮಾಡಿ, ತೋಳು ಉದ್ದವಾದಷ್ಟೂ ಮೃದು. ಬಾರನ್ನು ಸಸ್ಪೆನ್ಷನ್‌ಗೆ ಕೂಡಿಸುವ ಲಿಂಕ್‌ಗಳನ್ನು ಬಿಗಿಯುವಾಗ ಚಕ್ರಗಳು ನೆಲದ ಮೇಲಿರಲಿ. ಒಂದು ಲಿಂಕ್ ಎಳೆದುಕೊಂಡು ಕೂತರೆ ಎಡ ತಿರುವು ಒಂದು ಥರ, ಬಲ ತಿರುವು ಇನ್ನೊಂದು ಥರ ಆಗುತ್ತದೆ.

ಪ್ರಶ್ನೆ: ಸ್ಪ್ರಿಂಗ್ ಒಂದು ಸುತ್ತು ಕತ್ತರಿಸಿ ಕಾರು ತಗ್ಗಿಸಬಹುದೇ?

ಉತ್ತರ: ಬೇಡ. ಕೆಲಸ ಮಾಡುವ 6 ಸುತ್ತು 5 ಆದರೆ ಬಿಗಿ ಶೇ 20 ಏರುತ್ತದೆ, ಹಳೆಯ ಶಾಕ್ ಅಬ್ಸಾರ್ಬರ್ ಅದನ್ನು ಹಿಡಿಯಲಾರದು. ತಿರುವಿನ ನಡುವೆ ಸಸ್ಪೆನ್ಷನ್ ಬಂಪ್ ಸ್ಟಾಪ್ ಎಂಬ ಕೊನೆಯ ತಡೆಗೆ ತಾಗಿದರೆ ಆ ತುದಿ ಒಮ್ಮೆಲೇ ಕಲ್ಲಾಗಿ ಟೈರ್ ಹಿಡಿತ ಬಿಡುತ್ತದೆ. ಚಕ್ರ ಪೂರ್ತಿ ಇಳಿದಾಗ ಗಿಡ್ಡ ಸ್ಪ್ರಿಂಗ್ ತನ್ನ ಕೂರುಜಾಗದಿಂದ ಕಳಚಲೂಬಹುದು.

ಪ್ರಶ್ನೆ: ಚಕ್ರ ಹೊರಗೆ ಬರಲಿ ಎಂದು 20 ಮಿ.ಮೀ. ಸ್ಪೇಸರ್ ಹಾಕಿದೆ. ಈಗ ಪ್ರತಿ ಗುಂಡಿಗೂ ಸ್ಟಿಯರಿಂಗ್ ಕೈಯನ್ನು ಎಳೆಯುತ್ತದೆ.

ಉತ್ತರ: ಸ್ಟಿಯರಿಂಗ್ ಅಚ್ಚು ನೆಲ ಮುಟ್ಟುವ ಬಿಂದುವಿಗೂ ಟೈರಿನ ನಡುವಿಗೂ ಇರುವ ಅಂತರ ಅಷ್ಟೂ 20 ಮಿ.ಮೀ. ಬದಲಾಗಿದೆ. ಈ ಅಂತರ ಹೆಚ್ಚಾದಷ್ಟೂ ಗುಂಡಿಯ ಹೊಡೆತಕ್ಕೆ ಸನ್ನೆಕೋಲು ಉದ್ದ. ವೀಲ್ ಬೇರಿಂಗ್‌ನ ಮೇಲೂ ಭಾರ ಹೆಚ್ಚು. ಮುಂದಿನ ಚಕ್ರಗಳಿಂದ ಸ್ಪೇಸರ್ ತೆಗೆಯಿರಿ. ಹಿಂದೆ ಉಳಿಸಿಕೊಳ್ಳುವುದಾದರೆ ಅದು ಹಬ್‌ನ ನಡುಗುಬ್ಬಿಗೆ ಸರಿಯಾಗಿ ಕೂರುವಂಥದ್ದೇ ಆಗಿರಬೇಕು. ಚಕ್ರದ ನಟ್ ಕೂರುವ ಸ್ಟಡ್ ಎಷ್ಟು ದಪ್ಪವೋ ಕನಿಷ್ಠ ಅಷ್ಟು ಉದ್ದ ನಟ್‌ನೊಳಗೆ ಕಚ್ಚಬೇಕು: 12 ಮಿ.ಮೀ. ಸ್ಟಡ್‌ಗೆ, ಮರೆಗಳ ನಡುವಿನ ಅಂತರ 1.5 ಮಿ.ಮೀ. ಇದ್ದರೆ, 8 ಪೂರ್ತಿ ಸುತ್ತು. ನಟ್ಟನ್ನು ಕೈಯಲ್ಲೇ ತಿರುಗಿಸಿ ಎಣಿಸಿ. ಎಂಟಕ್ಕಿಂತ ಮುಂಚೆ ನಿಂತರೆ ಆ ಚಕ್ರದ ಮೇಲೆ ಕಾರು ಓಡಿಸಬೇಡಿ.